ಮುಖಪಾಕವೋ ಮುಖದಗ್ಧವೋ?
(ಅರ್ಬುದಚಿಕಿತ್ಸೆಯ ಅನಂತರ ಉಳಿಯುವ ಬಾಯಿಯ ನೋವನ್ನು ಕುರಿತು ಒಂದು ಗ್ರಂಥವಿಚಾರ)

ನಾಗಮಂಗಲದ ತಾಲ್ಲೂಕಿಗೆ ಸೇರಿದ ಬೆಳ್ಳೂರು ಕರ್ಣಾಟಕದ ಇತಿಹಾಸವನ್ನು ಬಲ್ಲವರಿಗೆ ಅಪರಿಚಿತವಾದ ಊರಲ್ಲ. ಹೊಯ್ಸಳ ಮೂರನೆಯ ನರಸಿಂಹನ ಮಂತ್ರಿಯಾಗಿದ್ದ ಪೆರುಮಾಳೆ ದಣ್ಣಾಯಕನ ಹೆಸರು ಈ ಊರಿನ ಮಾಧವರಾಯನ ದೇವಾಲಯದೊಡನೆ ಸೇರಿಕೊಂಡಿರುವುದು. ಹದಿಮೂರನೆಯ ಶತಮಾನದ ಉತ್ತರಾರ್ಧದ ಮಾತಿದು. ಅದೇ ಕಾಲದಲ್ಲಿ, ಹೊಯ್ಸಳರಿಗೆ ಹಗೆಗಳಾಗಿದ್ದ ದೇವಗಿರಿಯ ಸೇವುಣರ ಆಸ್ಥಾನದಲ್ಲಿ ಹೇಮಾದ್ರಿಯು ವಾಗ್ಭಟನ ಅಷ್ಟಾಂಗಹೃದಯಕ್ಕೆ ಆಯುರ್ವೇದರಸಾಯನವೆಂಬ ವ್ಯಾಖ್ಯಾನವನ್ನು ಬರೆದನು. ಎರಡು ರಾಜ್ಯಗಳ ನಡುವೆ ಯುದ್ಧವಿದ್ದರೂ ವಾಗ್ಭಟನ ಗ್ರಂಥಕ್ಕೆ ಗಡಿಯಿರಲಿಲ್ಲ. ದಕ್ಷಿಣದೇಶದ ವೈದ್ಯಕುಲಗಳು ಇಂದಿಗೂ ಅದನ್ನು ಕಂಠಪಾಠಮಾಡುತ್ತಿರುವುವು. ಈ ಎರಡು ವಿಷಯಗಳನ್ನು ಒಂದೆಡೆಯಲ್ಲಿ ಹೇಳುವುದಕ್ಕೆ ಕಾರಣವುಂಟು. ಬೆಳ್ಳೂರಿನಲ್ಲಿ ಕೇಳಿದ ಒಂದು ಮಾತು ನನ್ನನ್ನು ವಾಗ್ಭಟನ ಒಂದು ಅಧ್ಯಾಯಕ್ಕೆ ಕರೆದೊಯ್ದಿತು. ಅಲ್ಲಿ ಕಂಡುದನ್ನು ವಿದ್ವಾಂಸರ ಮುಂದಿಡುವುದೇ ಈ ಲೇಖನದ ಉದ್ದೇಶ.

ಬೆಳ್ಳೂರು ಹೋಬಳಿಯ ಹಿರಿಯ ರೈತರೊಬ್ಬರಿಗೆ ಕೆನ್ನೆಯ ಒಳಗಡೆ ಅರ್ಬುದವಾಗಿ, ಶಸ್ತ್ರಚಿಕಿತ್ಸೆಯೂ ಅದರ ಮೇಲೆ ವಿಕಿರಣಚಿಕಿತ್ಸೆಯೂ ನಡೆದಿದ್ದುವು. ರೋಗವು ಹೋಗಿದೆಯೆಂದು ವೈದ್ಯರು ಹೇಳಿ ಒಂದು ವರ್ಷಕ್ಕೆ ಮೀರಿತ್ತು. ಆದರೂ ಬಾಯಿಯ ನೋವು ಮಾತ್ರ ಹೋಗಿರಲಿಲ್ಲ. ಸಾರಿನ ಖಾರ ತಗುಲಿದರೆ ಕಣ್ಣಿನಲ್ಲಿ ನೀರು. ಮುದ್ದೆಯು ನುಂಗುವ ಆಹಾರವೇ ಆದರೂ ಒಣಗಿದ ಬಾಯಲ್ಲಿ ಅದು ಅಂಗಳಕ್ಕೆ ಅಂಟಿಕೊಳ್ಳುವುದು. ರಾತ್ರಿ ನಾಲಗೆ ಕಟ್ಟಿಗೆಯಾಗಿ ಎಚ್ಚರವಾಗುವುದು. ಮನೆಯವರು ಇದನ್ನು ಬಾಯಿಹುಣ್ಣೆಂದು ಕರೆದು, ಯಾರೋ ಹೇಳಿದ ಒಂದು ಕಟುಕಷಾಯವನ್ನು ಮುಕ್ಕಳಿಸಲು ಕೊಡುತ್ತಿದ್ದರು. ಅದರಿಂದ ಉರಿಯು ಇಮ್ಮಡಿಯಾಯಿತು. ಅವರ ಮಗನು ನನ್ನನ್ನು ಕಂಡು, ‘ಇದಕ್ಕೆ ನಿಮ್ಮ ಶಾಸ್ತ್ರದಲ್ಲಿ ಏನು ಹೆಸರು, ಏನು ಕ್ರಮ’ ಎಂದು ಕೇಳಿದನು. ನಾನು ಪಾಠಶಾಲೆಯಲ್ಲಿ ಓದಿದ ಬಲದಿಂದ, ‘ಮುಖಪಾಕ’ ಎಂದುಬಿಟ್ಟೆನು. ಪಕ್ಕದಲ್ಲಿಯೇ ಕುಳಿತಿದ್ದ ಆ ಹಿರಿಯರು ತಲೆಯಾಡಿಸಿ, ‘ಉಣ್ಣಲ್ಲ ಸ್ವಾಮಿ, ಬಾಯಿ ಬೆಂದೋಗದೆ’ ಎಂದರು.

ನಾನು ವೈದ್ಯನಲ್ಲ, ಗ್ರಂಥಗಳನ್ನು ಓದಿಕೊಂಡವನು ಮಾತ್ರ. ಆದರೂ ಆ ಮಾತಿನಲ್ಲಿ ಶಾಸ್ತ್ರದ ಒಂದು ಭೇದವೇ ಅಡಗಿರುವುದೆಂದು ನನಗೆ ತೋರಿತು. ಹುಣ್ಣು ಬೇರೆ, ಬೆಂದುದು ಬೇರೆ. ಸಂಸ್ಕೃತದ ಪಾಕಶಬ್ದವು ಹಣ್ಣಾಗುವುದು, ಬೇಯುವುದು, ಕೀವಾಗುವುದು ಎಂಬ ಮೂರು ಅರ್ಥಗಳನ್ನೂ ಒಂದರಲ್ಲಿಯೇ ಹಿಡಿದಿರುವುದರಿಂದ ಪಂಡಿತನು ಮೋಸಹೋಗುವುದಕ್ಕೆ ಅವಕಾಶವಿದೆ. ಕನ್ನಡದ ‘ಬೇ’ ಧಾತುವಿಗೆ ಆ ಗೊಂದಲವಿಲ್ಲ. ಅದು ಬೆಂಕಿಯ ಸಂಬಂಧವನ್ನು ಬಿಡುವುದಿಲ್ಲ. ಬೆಂದ ಬಾಯಿಗೆ ಶಾಸ್ತ್ರದಲ್ಲಿ ಹೆಸರು ಪಾಕವಲ್ಲ, ದಗ್ಧ.

ಮೊದಲು ಗ್ರಂಥಗಳು ಬಾಯಿಯ ರೋಗಗಳನ್ನು ಹೇಗೆ ವಿಭಾಗಿಸಿರುವುವೆಂಬುದನ್ನು ನೋಡೋಣ. ಸುಶ್ರುತಸಂಹಿತೆಯ ನಿದಾನಸ್ಥಾನದ ಹದಿನಾರನೆಯ ಅಧ್ಯಾಯದಲ್ಲಿ ಮುಖರೋಗಗಳು ೬೫: ತುಟಿಯಲ್ಲಿ ೮, ಹಲ್ಲಿನ ಬುಡದಲ್ಲಿ ೧೫, ಹಲ್ಲಿನಲ್ಲಿ ೮, ನಾಲಗೆಯಲ್ಲಿ ೫, ಅಂಗಳದಲ್ಲಿ ೯, ಕಂಠದಲ್ಲಿ ೧೭, ಬಾಯಿಯನ್ನೆಲ್ಲ ವ್ಯಾಪಿಸುವ ಸರ್ವಸರಗಳು ೩. ವಾಗ್ಭಟನು ಉತ್ತರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಇವನ್ನು ೭೫ಕ್ಕೆ ಏರಿಸಿರುವನು. ಈ ಏರಿಕೆಯು ಕೇವಲ ಸಂಖ್ಯಾವ್ಯಾಮೋಹವಲ್ಲ. ಅವನು ಹೊಸದಾಗಿ ಬಿಡಿಸಿ ಹೇಳಿದವುಗಳಲ್ಲಿ ಒಂದು, ಕೆನ್ನೆಯ ಒಳಮೈಯನ್ನು ಆಶ್ರಯಿಸಿ ಹುಟ್ಟುವ, ಕಪ್ಪು ಬಿಳುಪುಗಳು ಬೆರೆತ ಬಣ್ಣದ ಅರ್ಬುದ. ಉಜ್ಜಿದರೂ ಕತ್ತರಿಸಿದರೂ ಹಿಸುಕಿದರೂ ಅದು ಮತ್ತೆ ಬೆಳೆಯುವುದೆಂದು ಅವನು ಹೇಳಿರುವನು. ನಮ್ಮ ನಾಡಿನಲ್ಲಿ ಕೆನ್ನೆಯ ಒಳಗಿನ ಅರ್ಬುದವು ಎಷ್ಟು ಹೆಚ್ಚೆಂಬುದನ್ನು ಬಲ್ಲವರಿಗೆ ಈ ಮಾತು ಮೈನಡುಗಿಸುವಂತಿದೆ. ವಾಗ್ಭಟನ ಕಾಲದಲ್ಲಿ ಹೊಗೆಸೊಪ್ಪು ಈ ದೇಶಕ್ಕೆ ಬಂದಿರಲಿಲ್ಲ. ಅದು ಪೋರ್ತುಗೀಸರ ಮೂಲಕ ಬಂದು, ಬಿಜಾಪುರದಿಂದ ಅಕ್ಬರನ ಆಸ್ಥಾನವನ್ನು ಮುಟ್ಟಿದುದು ಹದಿನೇಳನೆಯ ಶತಮಾನದ ಆರಂಭದಲ್ಲಿ. ಹಾಗಾದರೆ ಈ ಕೆನ್ನೆಯ ಅರ್ಬುದಕ್ಕೆ ಕಾರಣವೇನೆಂದು ಕೆಲವರು ಕೇಳಬಹುದು. ಅಡಕೆಯಿತ್ತು, ತಾಂಬೂಲವಿತ್ತು. ಹೊಗೆಸೊಪ್ಪಿಲ್ಲದ ತಾಂಬೂಲವೂ ಕೇವಲ ಅಡಕೆಯೂ ಅರ್ಬುದಕಾರಕಗಳೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತಾರಾಷ್ಟ್ರೀಯ ಅರ್ಬುದಸಂಶೋಧನ ಮಂಡಲಿಯು ೨೦೦೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿರ್ಣಯಿಸಿರುವುದು. ಆದರೂ ವಾಗ್ಭಟನ ರೋಗಿಗೆ ಇದೇ ಕಾರಣವೆಂದು ಸಾಧಿಸುವುದು ನನ್ನ ಅಭಿಪ್ರಾಯವಲ್ಲ, ಅಸಂಭವವಲ್ಲವೆಂದಷ್ಟೇ ಹೇಳಬಹುದು. ಮಾನಸೋಲ್ಲಾಸದಲ್ಲಿ ಸೋಮೇಶ್ವರನು ವೈಭವದಿಂದ ವರ್ಣಿಸಿರುವ ತಾಂಬೂಲಭೋಗವನ್ನು ಪಾಠಹೇಳುವ ಉಪಾಧ್ಯಾಯರು ಈ ಸಂಗತಿಯನ್ನೂ ಹೇಳಿದರೆ ತಪ್ಪಾಗದು.

ಇಂತಹ ರೋಗಗಳಿಗೆ ಚಿಕಿತ್ಸೆಯೇನು? ಸುಶ್ರುತನು ಚಿಕಿತ್ಸಾಸ್ಥಾನದ ಇಪ್ಪತ್ತೆರಡನೆಯ ಅಧ್ಯಾಯದ ಕೊನೆಯಲ್ಲಿ ಹತ್ತೊಂಬತ್ತು ಮುಖರೋಗಗಳನ್ನು ಅಸಾಧ್ಯವೆಂದು ಎಣಿಸಿ, ಅವುಗಳಲ್ಲಿ ನಾಲಗೆಯ ಅಲಸವನ್ನೂ ಅಂಗಳದ ಅರ್ಬುದವನ್ನೂ ಸೇರಿಸಿರುವನು. ಚಿಕಿತ್ಸೆಮಾಡುವುದಾದರೆ ಫಲವಿಲ್ಲವೆಂದು ಮೊದಲೇ ತಿಳಿಸಿ ಮಾಡಬೇಕೆಂಬುದು ಅವನ ಮತ. ಇದರಿಂದ ಒಂದು ವಿಷಯವು ಸಿದ್ಧಿಸುತ್ತದೆ. ರೋಗವು ಹೋಗಿ ನೋವು ಮಾತ್ರ ಉಳಿದ ಬಾಯಿ ಎಂಬ ಅವಸ್ಥೆಯನ್ನು ಪ್ರಾಚೀನರು ಕಂಡಿರಲಾರರು; ಏಕೆಂದರೆ ರೋಗವು ಹೋಗುತ್ತಲೇ ಇರಲಿಲ್ಲ. ಕಾಣದ ಅವಸ್ಥೆಗೆ ಹೆಸರಿರುವುದೆಂತು? ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಮಂಗರಾಜನ ಖಗೇಂದ್ರಮಣಿದರ್ಪಣ, ಶ್ರೀಧರದೇವನ ವೈದ್ಯಾಮೃತ ಮುಂತಾದ ಕನ್ನಡ ವೈದ್ಯಗ್ರಂಥಗಳಲ್ಲಿಯೂ ಈ ಅವಸ್ಥೆಯನ್ನು ಹುಡುಕುವುದು ವ್ಯರ್ಥಶ್ರಮವೆಂದೇ ತೋರುತ್ತದೆ.

ಈ ಅವಸ್ಥೆಯ ಜನನವು ನಮ್ಮ ಕಾಲಕ್ಕೆ ಹತ್ತಿರದ್ದು. ೧೮೯೫ರಲ್ಲಿ ಜರ್ಮನಿಯ ರಂಟ್‌ಗೆನ್ ಪಂಡಿತನು ಕ್ಷಕಿರಣಗಳನ್ನು ಕಂಡುಹಿಡಿದನು; ೧೮೯೮ರಲ್ಲಿ ಕ್ಯೂರಿ ದಂಪತಿಗಳು ರೇಡಿಯಮ್ಮನ್ನು ಕಂಡರು. ಈ ಕಿರಣಗಳು ಅರ್ಬುದವನ್ನು ಸುಡಬಲ್ಲುವೆಂದು ಬೇಗನೆ ತಿಳಿಯಿತು. ಒಡನೆಯೇ ಸುತ್ತಲಿನ ಮಾಂಸವನ್ನೂ ಸುಡುವುವೆಂಬುದೂ ತಿಳಿಯಿತು. ೧೯೨೦ರ ದಶಕದಲ್ಲಿ ಪ್ಯಾರಿಸಿನ ಆನ್ರಿ ಕುತಾರ್ ಎಂಬ ವೈದ್ಯನು, ಕಿರಣವನ್ನು ಒಮ್ಮೆಗೇ ಕೊಡದೆ ದಿನದಿನಕ್ಕೂ ಸ್ವಲ್ಪಸ್ವಲ್ಪವಾಗಿ ಹಂಚಿ ಕೊಡುವ ಕ್ರಮವನ್ನು ಗಂಟಲಿನ ಅರ್ಬುದಗಳಲ್ಲಿ ಪ್ರಯೋಗಿಸಿ, ಬಾಯಿಯ ಒಳಮೈಯು ಸುಮಾರು ಎರಡು ವಾರಗಳಾದ ಮೇಲೆ ಬೇಯುವುದನ್ನು ದಿನಗಣನೆಯಿಂದ ಗುರುತಿಸಿದನು. ಇಂದಿಗೂ ಕ್ರಮವು ಮುಖ್ಯವಾಗಿ ಅದೇ: ವಾರಕ್ಕೆ ಐದು ದಿನದಂತೆ ಆರೇಳು ವಾರ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯು ೧೯೪೧ರಲ್ಲಿಯೂ, ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಯು ೧೯೭೩ರಲ್ಲಿಯೂ ಆರಂಭವಾದುವು. ಬೆಳ್ಳೂರಿನ ಸಮೀಪದಲ್ಲಿಯೇ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ಮಠದ ವೈದ್ಯಕೀಯ ವಿದ್ಯಾಲಯವು ೧೯೮೦ರ ದಶಕದಿಂದ ನಡೆಯುತ್ತಿರುವುದು. ನಮ್ಮ ಹಳ್ಳಿಗರು ವಿಕಿರಣಚಿಕಿತ್ಸೆಯನ್ನು ‘ಕರೆಂಟು ಕೊಡುವುದು’ ಎನ್ನುವರು. ವಿದ್ಯುತ್ತಿಗೂ ಈ ಕಿರಣಕ್ಕೂ ಭೇದವಿದೆಯೆಂದು ತಿದ್ದಲು ಹೋಗುವವರು ಆ ಹೆಸರಿನಲ್ಲಿಯೂ ಸುಡುವಿಕೆಯ ಭಾವವೇ ಇರುವುದನ್ನು ಗಮನಿಸಬೇಕು.

೨೦೨೨ರ ಅಂತಾರಾಷ್ಟ್ರೀಯ ಅಂದಾಜಿನಂತೆ ಭಾರತದಲ್ಲಿ ತುಟಿ ಮತ್ತು ಬಾಯಿಯ ಅರ್ಬುದಕ್ಕೆ ಹೊಸದಾಗಿ ಈಡಾದವರು ಸುಮಾರು ೧ ಲಕ್ಷ ೪೩ ಸಾವಿರ ಮಂದಿ. ಇವರಲ್ಲಿ ಬದುಕಿ ಉಳಿಯುವವರ ಬಾಯಿಯ ಮಾತು ಈ ಲೇಖನದ ವಿಷಯವಾದುದರಿಂದ ಇದನ್ನು ಕೇವಲ ಶಬ್ದವಿಚಾರವೆಂದು ಎಣಿಸಬಾರದು. ಹೆಸರು ತಪ್ಪಿದರೆ ಕ್ರಮವು ತಪ್ಪುವುದು. ಕ್ರಮವು ತಪ್ಪಿದುದರ ಫಲವನ್ನು ಮೇಲಣ ಹಿರಿಯರ ಕಟುಕಷಾಯದಲ್ಲಿ ಕಂಡೆವು.

ಕಿರಣದಿಂದ ಬಾಯಿಗೆ ಆಗುವುದು ಎರಡು ಬಗೆ. ಚಿಕಿತ್ಸೆ ನಡೆಯುತ್ತಿರುವಾಗ ಒಳಮೈ ಕೆಂಪಾಗಿ, ಸುಲಿದು, ವ್ರಣವಾಗುವುದು ಮೊದಲನೆಯದು. ಇದು ಚಿಕಿತ್ಸೆ ಮುಗಿದ ಮೇಲೆ ವಾರಗಳಲ್ಲಿ, ಕೆಲವರಿಗೆ ತಿಂಗಳುಗಳಲ್ಲಿ ಮಾಯುವುದು. ಎರಡನೆಯದು ಉಳಿಯುವಂತಹುದು. ಕೆನ್ನೆಯ ಹಿಂದೆಯೂ ದವಡೆಯ ಕೆಳಗೂ ಇರುವ ಜೊಲ್ಲಿನ ಗ್ರಂಥಿಗಳು ಕಿರಣದ ದಾರಿಯಲ್ಲಿ ಸಿಕ್ಕಿ ಬತ್ತುವುವು. ಜೊಲ್ಲು ಕಡಮೆಯಾಗಿ, ಉಳಿದುದು ಮಂದವಾಗಿ ನೂಲುನೂಲಾಗುವುದು. ಒಳಮೈಯು ತೆಳುವಾಗಿ, ಖಾರ ಹುಳಿ ಬಿಸಿಗಳನ್ನು ತಾಳದು. ಕೆಲವರಿಗೆ ದವಡೆಯ ಸ್ನಾಯುಗಳು ಬಿಗಿದು ಬಾಯಿ ತೆರೆಯುವುದೇ ಕಷ್ಟವಾಗುವುದು.

ಈಗ ಮುಖಪಾಕಪಕ್ಷವನ್ನು ಪರೀಕ್ಷಿಸೋಣ. ಆ ಪಕ್ಷಕ್ಕೆ ಬಲವಿಲ್ಲವೆಂದು ಹೇಳಲಾಗದು. ವಾಗ್ಭಟನು ವಾತಜವಾದ ಮುಖಪಾಕವನ್ನು ಹೇಳುವಾಗ, ನಾಲಗೆಯು ಶೀತವನ್ನು ತಾಳದೆ, ಭಾರವಾಗಿ, ಬಿರಿದು, ಮುಳ್ಳೆದ್ದಂತಾಗಿ, ರೋಗಿಯು ಬಾಯನ್ನು ಕಷ್ಟದಿಂದ ತೆರೆಯುವನೆಂದಿರುವನು. ಪಿತ್ತಜದಲ್ಲಿ ಉರಿ, ಕಹಿ. ಹುಣ್ಣುಗಳು ಕ್ಷಾರವನ್ನು ಎರಚಿದ ಗಾಯಗಳಂತೆ ಇರುವುವೆಂದಿರುವನು. ಚಿಕಿತ್ಸೆ ನಡೆಯುವಾಗಿನ ಬಾಯಿ ಎರಡನೆಯದನ್ನೂ, ಅನಂತರದ ಬಾಯಿ ಮೊದಲನೆಯದನ್ನೂ ಆಶ್ಚರ್ಯವಾಗುವಷ್ಟು ಹೋಲುತ್ತವೆ. ನಾನೂ ಬಹುಕಾಲ ಇಲ್ಲಿಯೇ ನಿಂತಿದ್ದೆನು. ಆದರೆ ಲಕ್ಷಣಸಾಮ್ಯದಿಂದ ವ್ಯಾಧಿಯ ಐಕ್ಯವು ಸಿದ್ಧಿಸುವುದಿಲ್ಲ, ನಿದಾನವು ಬೇರೆ. ಮುಖಪಾಕದಲ್ಲಿ ದೋಷವು ಒಳಗಿನಿಂದ ಕುಪಿತವಾಗಿ ಬಾಯಿಗೆ ಬರುವುದು. ಆದುದರಿಂದಲೇ ಅಲ್ಲಿ ಶಿರಾವೇಧ, ವಿರೇಚನ, ತೀಕ್ಷ್ಣದ್ರವ್ಯಗಳಿಂದ ಉಜ್ಜುವ ಪ್ರತಿಸಾರಣ ಮುಂತಾದುವಕ್ಕೆ ಸ್ಥಾನವಿದೆ. ನಮ್ಮ ರೋಗಿಯಲ್ಲಿ ಉಪದ್ರವವು ಹೊರಗಿನಿಂದ ಬಂದಿದೆ. ಇದು ಆಗಂತು. ದೋಷಲಕ್ಷಣಗಳು ಆಮೇಲೆ ಸೇರಿಕೊಂಡುವು. ಆಗಂತುವಿನಲ್ಲಿ ವ್ಯಥೆಯು ಮೊದಲು, ದೋಷವು ಅನಂತರ ಎಂಬುದು ಆಯುರ್ವೇದವನ್ನು ಸ್ವಲ್ಪ ಓದಿದವರಿಗೂ ಗೊತ್ತು.

ಸುಶ್ರುತನು ಸೂತ್ರಸ್ಥಾನದ ಹನ್ನೆರಡನೆಯ ಅಧ್ಯಾಯದಲ್ಲಿ ಪ್ರಮಾದದಿಂದ ಸುಟ್ಟುಕೊಂಡುದನ್ನು ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧವೆಂದು ನಾಲ್ಕಾಗಿ ವಿಂಗಡಿಸಿ, ದುರ್ದಗ್ಧದಲ್ಲಿ ಗುಳ್ಳೆ, ಉರಿ, ಕೆಂಪು, ಪಾಕ, ವೇದನೆಗಳನ್ನು ಹೇಳಿ, ಅದು ಬಹುಕಾಲಕ್ಕೆ ಶಮನವಾಗುವುದೆಂದು ಸೇರಿಸಿರುವನು. ಇಲ್ಲಿ ಪಾಕವು ದಗ್ಧದ ಒಂದು ಲಕ್ಷಣವಾಗಿ ಬಂದಿದೆಯೇ ಹೊರತು ವ್ಯಾಧಿಯ ಹೆಸರಾಗಿ ಬಂದಿಲ್ಲ. ನಮ್ಮ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಆಧಾರವು ಬೇಕಿಲ್ಲ.

ಒಂದು ಆಕ್ಷೇಪವನ್ನು ನಿರೀಕ್ಷಿಸಬಹುದು. ಅಗ್ನಿಯು ಮುಟ್ಟಿದ ಕ್ಷಣದಲ್ಲಿ ಸುಡುವುದು. ಕಿರಣವು ಮುಟ್ಟಿದಾಗ ಏನೂ ತಿಳಿಯದೆ, ಎರಡು ವಾರಗಳ ಮೇಲೆ ಬೇಯುವುದು. ಆದುದರಿಂದ ಇದು ಅಗ್ನಿದಗ್ಧವಲ್ಲ ಎಂಬುದು. ಈ ಭೇದವನ್ನು ಒಪ್ಪಲೇಬೇಕು. ಅದರ ಕಾರಣವೂ ತಿಳಿದಿರುವುದು: ಬಾಯಿಯ ಒಳಮೈಯು ಕೆಳಪದರದ ಜೀವಕೋಶಗಳಿಂದ ದಿನವೂ ಹೊಸದಾಗುತ್ತಿರುವುದು, ಕಿರಣವು ಆ ಬೀಜಪದರವನ್ನು ಹೊಡೆಯುವುದರಿಂದ, ಮೇಲಿನ ಹಳೆಯ ಪದರವು ಸವೆದ ಮೇಲೆಯೇ ಬರಿಮೈ ಕಾಣುವುದು. ಅಗ್ನಿಯು ಮೇಲಿನಿಂದ ಸುಟ್ಟರೆ ಕಿರಣವು ಬೇರಿನಿಂದ ಸುಡುವುದು. ಹೀಗೆ ಸಾಮ್ಯವು ಪೂರ್ಣವಲ್ಲ. ಆದರೆ ಚಿಕಿತ್ಸೆಯನ್ನು ಆರಿಸುವುದಕ್ಕೆ ಮುಖಪಾಕಕ್ಕಿಂತ ದಗ್ಧವೇ ಹತ್ತಿರವೆಂಬುದಕ್ಕೆ ಈ ಭೇದವು ಬಾಧಕವಲ್ಲ.

ಹಾಗಾದರೆ ದಗ್ಧವಾದ ಬಾಯಿಗೆ ಗ್ರಂಥದಲ್ಲಿ ವಿಧಿಯಿದೆಯೇ? ಇದೆ, ಆದರೆ ಹುಡುಕುವವರು ಹುಡುಕುವ ಸ್ಥಳದಲ್ಲಿಲ್ಲ. ಮುಖರೋಗವೆಂದೊಡನೆ ಎಲ್ಲರೂ ಉತ್ತರಸ್ಥಾನದ ಇಪ್ಪತ್ತೆರಡನೆಯ ಅಧ್ಯಾಯವನ್ನು ತೆರೆಯುವರು. ನಮಗೆ ಬೇಕಾದುದು ಸೂತ್ರಸ್ಥಾನದ ಇಪ್ಪತ್ತೆರಡನೆಯ ಅಧ್ಯಾಯ, ಗಂಡೂಷಾದಿವಿಧಿ. ಸಂಖ್ಯೆಯೊಂದೇ, ಸ್ಥಾನ ಬೇರೆ! ದ್ರವವನ್ನು ಬಾಯಲ್ಲಿ ಆಡಿಸಲಾಗದಷ್ಟು ತುಂಬಿ ಹಿಡಿದಿರುವುದು ಗಂಡೂಷ. ಆಡಿಸಲು ಬರುವಷ್ಟು ತೆಗೆದುಕೊಳ್ಳುವುದು ಕವಲ. ನಮ್ಮ ಮಾತಿನ ‘ಬಾಯಿ ಮುಕ್ಕಳಿಸುವುದು’ ಕವಲವೇ. ಗಂಡೂಷಕ್ಕೆ ರೂಢಿಯ ಕನ್ನಡ ಶಬ್ದವಿಲ್ಲದಿರುವುದರಿಂದ ಎರಡನ್ನೂ ಒಂದೆಂದು ತಿಳಿಯುವುದು ಸಾಮಾನ್ಯವಾಗಿದೆ. ನೋಯುವ ಬಾಯಿಗೆ ಈ ಭೇದವು ಅಲ್ಪವಲ್ಲ. ಕೆನ್ನೆಯನ್ನು ಉಬ್ಬಿಸಿ ಇಳಿಸಿ ಆಡಿಸಿದರೆ ತೆಳುವಾದ ಒಳಮೈಗೆ ಶ್ರಮ; ಸುಮ್ಮನೆ ಹಿಡಿದರೆ ಉಪಶಮನ.

ಆ ಅಧ್ಯಾಯದ ಆರಂಭದಲ್ಲಿ ಗಂಡೂಷವು ಸ್ನಿಗ್ಧ, ಶಮನ, ಶೋಧನ, ರೋಪಣ ಎಂದು ನಾಲ್ಕು ಬಗೆ. ಖಾರ, ಹುಳಿ, ಉಪ್ಪು, ಬಿಸಿಗಳು ಶೋಧನಕ್ಕೆ ಸೇರಿದುವು. ರೋಪಣದ ವಿಷಯದಲ್ಲಿ ಸುಶ್ರುತನಿಗೂ ವಾಗ್ಭಟನಿಗೂ ಒಂದು ಸೂಕ್ಷ್ಮವಾದ ಭಿನ್ನಾಭಿಪ್ರಾಯವಿದೆ. ಸುಶ್ರುತನು ಚಿಕಿತ್ಸಾಸ್ಥಾನದ ನಲವತ್ತನೆಯ ಅಧ್ಯಾಯದಲ್ಲಿ ವ್ರಣವನ್ನು ಮಾಯಿಸುವ ಕವಲಕ್ಕೆ ಒಗರು ಕಹಿ ಸಿಹಿಗಳೊಡನೆ ಕಟುವನ್ನೂ ಉಷ್ಣವನ್ನೂ ಹೇಳಿರುವನು; ವಾಗ್ಭಟನು ಒಗರು ಕಹಿಗಳನ್ನು ಮಾತ್ರ ಉಳಿಸಿಕೊಂಡು ಕಟೂಷ್ಣಗಳನ್ನು ಬಿಟ್ಟುಬಿಟ್ಟಿರುವನು. ಇದು ಲೇಖಕಪ್ರಮಾದವೆಂದು ನನಗೆ ತೋರುವುದಿಲ್ಲ. ಅನುಭವದಿಂದ ಮಾಡಿದ ತಿದ್ದುಪಡಿಯೆಂದು ಊಹಿಸಲು ಅವಕಾಶವಿದೆ. ಹೇಗಾದರೂ, ಬೆಂದ ಬಾಯಿಗೆ ಶುಂಠಿ ಮೆಣಸು ಹಿಪ್ಪಲಿಗಳ ಕಷಾಯವನ್ನು ಕೊಡುವವರು ಸುಶ್ರುತನ ಆ ಒಂದು ಪದವನ್ನು ಆಶ್ರಯಿಸುವುದಾದರೆ, ದಕ್ಷಿಣದ ಸಂಪ್ರದಾಯಕ್ಕೆ ಪ್ರಮಾಣನಾದ ವಾಗ್ಭಟನು ಅವರ ಕಡೆಗಿಲ್ಲ.

ಇನ್ನು ಮುಖ್ಯವಾದ ಭಾಗ. ನಾಲ್ಕು ಬಗೆಗಳನ್ನು ಹೇಳಿದ ಮೇಲೆ ವಾಗ್ಭಟನು ಯಾವುದಕ್ಕೆ ಯಾವ ದ್ರವವೆಂದು ಕೆಲವೇ ಶ್ಲೋಕಗಳಲ್ಲಿ ಹೇಳಿ ಮುಗಿಸಿರುವನು. ಉರಿಯೊಡನೆ ಕೂಡಿದ ಪಾಕ, ಆಗಂತುವಾದ ಗಾಯ, ವಿಷ, ಕ್ಷಾರದಿಂದಲೋ ಅಗ್ನಿಯಿಂದಲೋ ಸುಟ್ಟುದು, ಇವುಗಳಲ್ಲಿ ತುಪ್ಪವನ್ನಾಗಲಿ ಹಾಲನ್ನಾಗಲಿ ಹಿಡಿಯಬೇಕು. ಅದರ ಒಡನೆಯೇ ಜೇನುತುಪ್ಪದ ಗಂಡೂಷವನ್ನು ಹೇಳಿ, ಅದು ಬಾಯನ್ನು ಶುಚಿಮಾಡುವುದು, ಬಾಯಿಯ ವ್ರಣಗಳನ್ನು ಬೇಗ ಕೂಡಿಸುವುದು, ಉರಿ ಬಾಯಾರಿಕೆಗಳನ್ನು ತಗ್ಗಿಸುವುದು ಎಂದಿರುವನು. ಮುಂದೆ ಧಾನ್ಯಾಮ್ಲವೆಂಬ ಹುಳಿಗಂಜಿಯ ಮಾತು. ಉಪ್ಪಿಲ್ಲದೆ ತಣ್ಣಗಿದ್ದರೆ ಅದು ಬಾಯಿ ಒಣಗುವುದಕ್ಕೆ ಶ್ರೇಷ್ಠವಾದ ಪರಿಹಾರ. ಆಮೇಲೆ ಕ್ಷಾರಜಲವು ಗಟ್ಟಿಗೊಂಡ ಕಫವನ್ನು ಬೇಗ ಒಡೆಯುವುದು; ಬೆಚ್ಚಗಿನ ನೀರು ಬಾಯನ್ನು ಹಗುರಮಾಡುವುದು. ಬೆಂದ ಬಾಯಿ, ಒಣಗಿದ ಬಾಯಿ, ನೂಲುನೂಲಾದ ಜೊಲ್ಲು: ಬೆಳ್ಳೂರಿನ ಹಿರಿಯರ ಮೂರು ದೂರುಗಳೂ ಈ ಸಾಲಿನಲ್ಲಿ ಒಂದರ ಬೆನ್ನಿಗೆ ಒಂದು ಬಂದಿರುವುವು. ರೋಗಾಧಿಕಾರದಲ್ಲಿ ಅಲ್ಲದೆ ಸಾಮಾನ್ಯವಿಧಿಯಲ್ಲಿ ಇರುವುದರಿಂದಲೇ ಇದು ಕಣ್ತಪ್ಪಿತು.

ಇಂದಿನ ವೈದ್ಯರು ಇವುಗಳಲ್ಲಿ ಕೆಲವನ್ನು ತಮ್ಮ ಕ್ರಮದಲ್ಲಿ ಪರೀಕ್ಷಿಸಿರುವರು. ಮಲೇಷ್ಯಾದಲ್ಲಿ ೪೦ ರೋಗಿಗಳ ಮೇಲೆ ನಡೆದು ೨೦೦೩ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಜೇನುತುಪ್ಪವನ್ನು ಬಾಯಿಗೆ ಸವರಿಕೊಂಡವರಲ್ಲಿ ತೀವ್ರವಾದ ವ್ರಣವು ನೂರಕ್ಕೆ ೨೦ರಷ್ಟೂ, ಉಳಿದವರಲ್ಲಿ ನೂರಕ್ಕೆ ೭೫ರಷ್ಟೂ ಕಂಡುಬಂದಿತು. ೨೦೨೦ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಮಾರ್ಗಸೂಚಿಯು ತಲೆ ಕೊರಳುಗಳ ವಿಕಿರಣಚಿಕಿತ್ಸೆಯಲ್ಲಿ ಬಾಯಿಯ ವ್ರಣವನ್ನು ತಡೆಯಲು ಜೇನುತುಪ್ಪವನ್ನು ಸೂಚಿಸಿರುವುದು. ನಮ್ಮ ನಾಡಿನಲ್ಲಿಯೇ, ಮಂಗಳೂರಿನ ಫಾದರ್ ಮುಲ್ಲರ್ ವೈದ್ಯಕೀಯ ವಿದ್ಯಾಲಯದಲ್ಲಿ ೮೦ ರೋಗಿಗಳಲ್ಲಿ ಅರಿಸಿನದ ನೀರನ್ನು ಅಯೋಡಿನ್ ಸೇರಿದ ಔಷಧದೊಡನೆ ಹೋಲಿಸಿ, ಅರಿಸಿನವು ವ್ರಣವನ್ನು ತಡಮಾಡಿ ತಗ್ಗಿಸಿತೆಂದು ೨೦೧೪ರಲ್ಲಿ ಪ್ರಕಟಿಸಿದರು. ಅಡಿಗೆಯ ಸೋಡವನ್ನೂ ಉಪ್ಪನ್ನೂ ಒಂದು ಲೀಟರು ನೀರಿಗೆ ಒಂದೊಂದು ಚಿಕ್ಕ ಚಮಚದಂತೆ ಕಲಸಿ ದಿನಕ್ಕೆ ಹಲವು ಬಾರಿ ಬಾಯಿ ತೊಳೆಯುವ ಕ್ರಮವು ಆಸ್ಪತ್ರೆಗಳಲ್ಲಿ ಸಾಮಾನ್ಯ. ಮಂದವಾದ ಜೊಲ್ಲು ಅದರಿಂದ ಸಡಿಲವಾಗುವುದು. ವಾಗ್ಭಟನ ಕ್ಷಾರಜಲವನ್ನು ಇದು ನೆನಪಿಗೆ ತರುವುದಿಲ್ಲವೇ?

ಆದರೆ ಇಲ್ಲಿ ಅತ್ಯುಕ್ತಿಗೆ ಎಡೆಗೊಡಬಾರದು. ಮೇಲೆ ಹೇಳಿದ ಜೇನು ಅರಿಸಿನಗಳ ಪರೀಕ್ಷೆಗಳು ಚಿಕಿತ್ಸೆ ನಡೆಯುವಾಗಿನ ವ್ರಣಕ್ಕೆ ಸಂಬಂಧಿಸಿದುವು. ಆಮೇಲೆ ಉಳಿಯುವ ನೋವಿಗೂ ಅವೇ ಸಾಕ್ಷಿಯೆಂದು ಹೇಳುವುದು ಅತಿವ್ಯಾಪ್ತಿ. ಪ್ರಾಚೀನರಿಗೆ ಎಲ್ಲವೂ ತಿಳಿದಿತ್ತೆಂದು ಡಂಗುರ ಹೊಡೆಯುವವರ ಗುಂಪಿಗೆ ನನ್ನನ್ನು ಸೇರಿಸಬಾರದೆಂದು ಪ್ರಾರ್ಥಿಸುತ್ತೇನೆ. ಜೊಲ್ಲು ಬತ್ತಿದ ಬಾಯಲ್ಲಿ ಹಲ್ಲುಗಳು ಬಹಳ ಬೇಗ ಹುಳುಕುವುದರಿಂದ ಜೇನುತುಪ್ಪವನ್ನು ಹಿಡಿದ ಮೇಲೆ ನೀರಿನಿಂದ ತೊಳೆಯದೆ ಬಿಡುವುದು ಹಾನಿಕರ. ಸಿಹಿಮೂತ್ರರೋಗವುಳ್ಳವರು ವೈದ್ಯರನ್ನು ಕೇಳಿಯೇ ಬಳಸಬೇಕು. ಹುಳಿಗಂಜಿಯೂ ಬರಿಯ ಒಣಗುವಿಕೆಗೆ ಸರಿ. ಬಿರುಕೂ ವ್ರಣವೂ ಇರುವಲ್ಲಿ ಅದು ಚುಚ್ಚುವುದಲ್ಲದೆ, ಹುಳಿಯಿಂದ ಹಲ್ಲೂ ಸವೆಯುವುದು. ಅಂಗಡಿಯ ಬಾಯಿತೊಳೆಯುವ ದ್ರವಗಳಲ್ಲಿ ಮದ್ಯಸಾರವು ಸೇರಿದ್ದರೆ ಅವೂ ವರ್ಜ್ಯ. ಕಿರಣ ತಗುಲಿದ ದವಡೆಯಿಂದ ಹಲ್ಲನ್ನು ಕೀಳಿಸುವುದು ಮೂಳೆ ಕೊಳೆಯುವುದಕ್ಕೆ ಕಾರಣವಾಗಬಹುದಾದುದರಿಂದ, ಚಿಕಿತ್ಸೆಮಾಡಿದ ವೈದ್ಯರಿಗೆ ತಿಳಿಸದೆ ಹಲ್ಲು ಕೀಳಿಸಬಾರದು. ಇವು ವಾಗ್ಭಟನಲ್ಲಿಲ್ಲ.

ಗಂಡೂಷವನ್ನು ಎಷ್ಟು ಹೊತ್ತು ಹಿಡಿಯಬೇಕೆಂಬ ಪ್ರಶ್ನೆಯಲ್ಲಿ ಗ್ರಂಥಕ್ಕೂ ನಮ್ಮ ರೋಗಿಗೂ ನಡುವಿನ ಅಂತರವು ಎದ್ದು ಕಾಣುವುದು. ಬಾಯಿ ಕಫದಿಂದ ತುಂಬುವವರೆಗೆ, ಅಥವಾ ಮೂಗು ಕಣ್ಣುಗಳಲ್ಲಿ ನೀರು ಬರುವವರೆಗೆ ಎಂಬುದು ಶಾಸ್ತ್ರದ ಅವಧಿ. ಜೊಲ್ಲಿನ ಗ್ರಂಥಿಗಳೇ ಬೆಂದವನಿಗೆ ಬಾಯಿ ತುಂಬುವುದೆಂತು? ಆ ಲಕ್ಷಣಕ್ಕಾಗಿ ಕಾದು ಕುಳಿತರೆ ಅತಿಯೋಗವಾಗುವುದು. ಅತಿಯೋಗದ ಫಲವನ್ನು ಸುಶ್ರುತನೇ ಹೇಳಿರುವನು: ಬಾಯಿಯ ಪಾಕ, ಒಣಗುವಿಕೆ, ಬಾಯಾರಿಕೆ, ಅರುಚಿ, ಆಯಾಸ. ಯಾವುದನ್ನು ಹೋಗಲಾಡಿಸಲು ಹೊರಟೆವೋ ಅದೇ! ಆದುದರಿಂದ ಇ೦ತಹವರು ಅಲ್ಪಕಾಲ ಹಿಡಿದು ಹಲವು ಬಾರಿ ಮಾಡುವುದೇ ಯುಕ್ತವೆಂದು ನನ್ನ ಮತ. ಗ್ರಂಥದ ಅಕ್ಷರಕ್ಕೆ ಇದು ವಿರುದ್ಧವಾದರೂ ಅಭಿಪ್ರಾಯಕ್ಕೆ ವಿರುದ್ಧವಲ್ಲ.

ಇದೇ ಸಂದರ್ಭದಲ್ಲಿ ರುಚಿಯ ವಿಷಯವನ್ನೂ ಹೇಳಬೇಕು. ನಾಲಗೆಯಲ್ಲಿರುವ ಕಫಕ್ಕೆ ವಾಗ್ಭಟನು ಬೋಧಕವೆಂದು ಹೆಸರಿಟ್ಟಿರುವನು. ರಸವನ್ನು ತಿಳಿಸುವುದರಿಂದ ಬೋಧಕ. ರುಚಿಯ ಜ್ಞಾನಕ್ಕೆ ನಾಲಗೆಯ ತೇವವು ಬೇಕೆಂಬುದು ಇದರ ತಾತ್ಪರ್ಯ. ಚಿಕಿತ್ಸೆಯ ಅನಂತರ ‘ಅನ್ನ ಮಣ್ಣಿನಂತಿದೆ’ ಎಂದು ರೋಗಿಯು ಹೇಳಿದರೆ ಮನೆಯವರು ಅದನ್ನು ಮನಸ್ಸಿನ ಬೇಸರವೆಂದು ತಿಳಿಯುವರು. ಬೇಸರವಲ್ಲ, ಬೋಧಕವು ಬತ್ತಿದೆ, ರುಚಿಯ ಮೊಗ್ಗುಗಳೂ ಬೆಂದಿವೆ. ಅನೇಕರಿಗೆ ರುಚಿಯು ತಿಂಗಳುಗಳಲ್ಲಿ ಮರಳುವುದು, ಕೆಲವರಿಗೆ ಪೂರ್ಣವಾಗಿ ಮರಳದು. ಅಷ್ಟರವರೆಗೆ ಊಟವನ್ನು ಬಾಯಿಗೆ ಒಗ್ಗಿಸಬೇಕು. ನಮ್ಮ ಸೀಮೆಯ ಅಡಿಗೆಗೆ ಇದು ಅಸಾಧ್ಯವಲ್ಲ. ಮುದ್ದೆಯನ್ನು ಮೆತ್ತಗೆ ಕೂಡಿಸಿ, ಖಾರವಿಲ್ಲದ ಬೇಳೆಕಟ್ಟಿನಲ್ಲಿಯೋ ತಿಳಿಯಾದ ಮಜ್ಜಿಗೆಯಲ್ಲಿಯೋ ನೆನೆಸಿದರೆ ಅದು ಜಾರುವುದು; ರಾಗಿಯ ಅಂಬಲಿಯು ಆರಿದ ಮೇಲೆ ಇನ್ನೂ ಸುಲಭ; ಅನ್ನಕ್ಕೆ ತುಪ್ಪವೂ ಹಾಲೂ. ಹಿರಿಯರಿಗೆ ಅತಿಕಷ್ಟವಾದುದು ಸಾರಿನ ತ್ಯಾಗವಲ್ಲ, ಊಟವಾದ ಮೇಲೆ ಎಲೆಯಡಕೆಯನ್ನು ಬಿಡುವುದು. ಆದರೆ ಅಲ್ಲಿ ರಿಯಾಯಿತಿಗೆ ಅವಕಾಶವಿಲ್ಲ.

ಏಕೆಂದರೆ ರೋಗವು ಮರಳಬಲ್ಲುದು. ಹುಟ್ಟಿದ ಸ್ಥಳದಲ್ಲಿಯೇ ಮತ್ತೆ ಹುಟ್ಟುವುದನ್ನು ಅಧ್ಯರ್ಬುದವೆಂದೂ, ಎರಡು ಒಟ್ಟಿಗೆ ಅಥವಾ ಒಂದರ ಹಿಂದೊಂದು ಹುಟ್ಟುವುದನ್ನು ದ್ವಿರರ್ಬುದವೆಂದೂ ಸುಶ್ರುತನು ನಿದಾನಸ್ಥಾನದ ಹನ್ನೊಂದನೆಯ ಅಧ್ಯಾಯದಲ್ಲಿ ಕರೆದು, ಅವುಗಳ ಭಯಂಕರತೆಯನ್ನು ತಿಳಿಸಿರುವನು. ಬಾಯಿ ಮೊದಲಿನಿಂದಲೂ ನೋಯುತ್ತಿರುವವನು ಹೊಸ ನೋವನ್ನು ಹಳೆಯದೆಂದು ಭ್ರಮಿಸುವ ಅಪಾಯವಿದೆ. ಹೊಸ ಹುಣ್ಣು ಎರಡು ಮೂರು ವಾರಗಳಲ್ಲಿ ಮಾಯದಿದ್ದರೆ, ಗಂಟು ಕೈಗೆ ಸಿಕ್ಕಿದರೆ, ರಕ್ತ ಬಂದರೆ, ನೋವು ಕಿವಿಗೆ ಹತ್ತಿದರೆ, ಹಾಲು ತುಪ್ಪಗಳ ಗಂಡೂಷವನ್ನು ಬದಿಗಿಟ್ಟು ಆಸ್ಪತ್ರೆಗೆ ಹೋಗಬೇಕು.

ಬೆಳ್ಳೂರಿನ ಆ ಹಿರಿಯರಿಗೂ ನಾನು ಮೊದಲು ಹೇಳಿದುದು ಇದನ್ನೇ. ಅವರನ್ನು ನೋಡಿದ ವೈದ್ಯರು ಅರ್ಬುದವು ಮರಳಿಲ್ಲವೆಂದೂ, ಒಣಗಿದ ಬಾಯಲ್ಲಿ ಬೆಳೆಯುವ ಒಂದು ಬಗೆಯ ಬೂಷ್ಟು ನಾಲಗೆಗೆ ಹತ್ತಿರುವುದೆಂದೂ ಹೇಳಿ ಅದಕ್ಕೆ ಔಷಧವನ್ನು ಕೊಟ್ಟರು. ಉರಿಯಲ್ಲಿ ಅರ್ಧಭಾಗವು ಹದಿನೈದು ದಿನಗಳಲ್ಲಿ ಇಳಿಯಿತು. ಯಾವ ಗಂಡೂಷವೂ ಆ ಕೆಲಸವನ್ನು ಮಾಡುತ್ತಿರಲಿಲ್ಲ. ಗ್ರಂಥವನ್ನು ಮಾತ್ರ ನಂಬಿ ಕುಳಿತಿದ್ದರೆ ಅವರು ಇನ್ನೂ ನರಳುತ್ತಿದ್ದರು. ಉಳಿದ ಅರ್ಧಕ್ಕೆ ವೈದ್ಯರನ್ನು ಕೇಳಿಕೊಂಡು ಕಟುಕಷಾಯವನ್ನು ನಿಲ್ಲಿಸಿ, ಹಗಲಿನಲ್ಲಿ ಸೋಡದ ನೀರನ್ನೂ, ಊಟಕ್ಕೆ ಮುಂಚೆ ಆರಿದ ಹಾಲನ್ನೂ ಹಿಡಿಯತೊಡಗಿದರು. ರಾತ್ರಿ ಮಲಗುವಾಗ ತುಪ್ಪವನ್ನು ತೆಳುವಾಗಿ ನಾಲಗೆಗೆ ಸವರಿಕೊಳ್ಳುವರು. ಈಚೆಗೆ ನಾನು ಹೋದಾಗ ಮಜ್ಜಿಗೆಯಲ್ಲಿ ಅರ್ಧ ಮುದ್ದೆಯನ್ನು ಉಂಡು ಮುಗಿಸುತ್ತಿದ್ದರು.

ವ್ಯಾಖ್ಯಾನಕ್ಕೆ ಸಂಬಂಧಿಸಿದ ಒಂದು ಸಂಶಯವು ಉಳಿದಿರುವುದು. ಗಂಡೂಷಾಧ್ಯಾಯದಲ್ಲಿ ಸುಟ್ಟುದನ್ನು ಹೇಳುವ ಸಮಾಸದಲ್ಲಿ ಕ್ಷಾರವೂ ಅಗ್ನಿಯೂ ಬೇರೆ ಬೇರೆಯೆಂದು ನಾನು ಮೇಲೆ ಅರ್ಥಮಾಡಿರುವೆನು. ಕ್ಷಾರವೇ ಅಗ್ನಿಯೆಂದು ರೂಪಕವಾಗಿ ಬಿಡಿಸುವುದೂ ವ್ಯಾಕರಣಕ್ಕೆ ವಿರುದ್ಧವಲ್ಲ. ಹಾಗೆ ಬಿಡಿಸಿದರೆ ವೈದ್ಯನ ಕೈಯಿಂದಲೇ ಆದ ಸುಟ್ಟಗಾಯವು ಗ್ರಂಥಕಾರನ ಮನಸ್ಸಿನಲ್ಲಿದ್ದಿತೆಂಬ ಅರ್ಥವು ಬರುವುದು. ಕ್ಷಾರಕರ್ಮವನ್ನು ವೈದ್ಯರೇ ಮಾಡುತ್ತಿದ್ದರಷ್ಟೆ. ಆಗ ನಮ್ಮ ರೋಗಿಗೂ ಆ ಶ್ಲೋಕಕ್ಕೂ ಸಂಬಂಧವು ಇನ್ನಷ್ಟು ಹತ್ತಿರವಾಗುವುದು. ಅರುಣದತ್ತ ಹೇಮಾದ್ರಿಗಳ ವ್ಯಾಖ್ಯಾನಗಳನ್ನು ಹಸ್ತಪ್ರತಿಗಳೊಡನೆ ಹೋಲಿಸಿ ನೋಡುವ ಸೌಕರ್ಯವುಳ್ಳ ವಿದ್ವಾಂಸರು ಈ ಸಮಾಸದ ವಿಗ್ರಹವನ್ನು ನಿರ್ಣಯಿಸಿ ಈ ಪತ್ರಿಕೆಯಲ್ಲಿಯೇ ತಿಳಿಸಿದರೆ ಉಪಕೃತನಾಗುವೆನು.